ನಮ್ಮ ತಕ್ಕಡಿಗೆ ಸರ್ಕಾರದ ಮುದ್ರೆ, ತೈಲ ಕಂಪನಿಗೆ ಬಾಯಿಮಾತಿನ ಲೆಕ್ಕ

ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ ನೋಡಿ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯ ಅಂಗಡಿಕಾರನ ಎದೆ ಡವಗುಟ್ಟುತ್ತದೆ. ತಕ್ಕಡಿಗೆ ಮುದ್ರೆ ಬಿದ್ದಿರಬೇಕು, ಬಟ್ಟು ಸವೆದಿರಬಾರದು, ಮುದ್ರೆಯ ಗಡುವು ಮೀರಿರಬಾರದು. ಮೀರಿದ್ದರೆ ದಂಡ ತೆರಬೇಕು. “ನನ್ನ ತಕ್ಕಡಿ ಸರಿಯಾಗಿದೆ ಸ್ವಾಮಿ, ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ” ಎಂದು ಅಂಗಡಿಕಾರ ಹೇಳಿದರೆ ಇನ್‌ಸ್ಪೆಕ್ಟರು ನಕ್ಕಾರೇ ಹೊರತು ಒಪ್ಪಲಾರರು.

ಗಿರಣಿಯ ಕೆಲಸಗಾರನನ್ನು ಕೇಳಿದರೂ ಇದೇ ಮಾತು. ನೂಲುವ ಖಾತೆಯಲ್ಲಿ ಹತ್ತಿಯ ಕಸವನ್ನು ಸಹ ತೂಗಿ ಬರೆದಿಡುತ್ತಾರೆ. ಕಸ ಹೆಚ್ಚಾದರೆ ಮೇಸ್ತ್ರಿ ಕರೆದು ಕೇಳುತ್ತಾನೆ, ಮೇಸ್ತ್ರಿಯನ್ನು ಮ್ಯಾನೇಜರು ಕೇಳುತ್ತಾನೆ. ಮಾಲೀಕನ ಹತ್ತಿ ಒಂದು ಹಿಡಿಯಷ್ಟೂ ಲೆಕ್ಕ ತಪ್ಪಿ ಹೋಗುವಂತಿಲ್ಲ.

ಆದರೆ ಇಡೀ ಜಗತ್ತಿನಲ್ಲಿ ಅತ್ಯಂತ ಸಿರಿವಂತವಾದ ಉದ್ಯಮಗಳಲ್ಲಿ ಒಂದಾದ ತೈಲ ಮತ್ತು ಅನಿಲದ ಉದ್ಯಮಕ್ಕೆ ಈ ನ್ಯಾಯ ಅನ್ವಯಿಸುವುದಿಲ್ಲ. ತನ್ನ ಬಾವಿಗಳಿಂದ, ಕೊಳವೆಗಳಿಂದ, ಯಂತ್ರಗಳಿಂದ ಎಷ್ಟು ಅನಿಲ ಗಾಳಿಗೆ ಸೋರಿಹೋಯಿತೆಂಬುದನ್ನು ಬಹುಪಾಲು ದೇಶಗಳಲ್ಲಿ ಅದು ತಾನೇ ಊಹಿಸಿ, ತಾನೇ ಬರೆದು, ತಾನೇ ಸಹಿ ಹಾಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಹಾಗೆ ಸೋರುವ ಅನಿಲದ ಹೆಸರು ಮೀಥೇನ್. ಅದರ ಸಂಗತಿ ನಮ್ಮ ವಾಚಕರಿಗೆ ಸಂಬಂಧಿಸಿದ್ದಲ್ಲವೆಂದು ಯಾರಾದರೂ ಭಾವಿಸಿದ್ದರೆ ಈ ಲೇಖನವನ್ನು ಕೊನೆಯತನಕ ಓದಬೇಕೆಂದು ಬಿನ್ನಹ.

ಏನಿದು ಮೀಥೇನ್?

ನಮ್ಮ ಮನೆಗೆ ಸಿಲಿಂಡರಿನಲ್ಲಿ ಬರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳು. ಆಟೋ ರಿಕ್ಷಾಕ್ಕೆ ತುಂಬಿಸುವ ಸಿ.ಎನ್.ಜಿ. ಮತ್ತು ಕೆಲವು ಊರುಗಳಲ್ಲಿ ಕೊಳವೆಯ ಮೂಲಕ ಅಡಿಗೆಮನೆಗೆ ಬರುವ ಅನಿಲ, ಇವು ಬೇರೆ. ಇವುಗಳಲ್ಲಿ ಬಹುಪಾಲು ಇರುವುದು ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಊರಿಗೆ ಹಂಚುವ ಮುನ್ನ ಅದಕ್ಕೆ ಕೆಟ್ಟ ವಾಸನೆಯ ಒಂದು ದ್ರವ್ಯವನ್ನು ಬೆರೆಸುತ್ತಾರೆ. ಆದರೆ ದೂರದ ಬಾವಿಯ ಬಳಿ, ಮರುಭೂಮಿಯ ಕೊಳವೆಯ ಬಳಿ ಸೋರುವ ಅನಿಲಕ್ಕೆ ಆ ವಾಸನೆ ಇರುವುದಿಲ್ಲ. ಕಣ್ಣಿಗೂ ಕಾಣದೆ, ಮೂಗಿಗೂ ಹತ್ತದೆ ಅದು ಆಕಾಶ ಸೇರಿಬಿಡುತ್ತದೆ.

ಸೇರಿದ ಮೇಲೆ ಸುಮ್ಮನಿರುವುದಿಲ್ಲ. ಕಲ್ಲಿದ್ದಲು, ಪೆಟ್ರೋಲು ಉರಿಸಿದಾಗ ಬರುವ ಇಂಗಾಲಾಮ್ಲ ವಾಯು ಭೂಮಿಯ ಶಾಖವನ್ನು ಹಿಡಿದಿಡುವುದೆಂದು ಎಲ್ಲರೂ ಕೇಳಿದ್ದಾರೆ. ಇಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ಒಂದು ಟನ್ನು ಮೀಥೇನ್ ಎಂಬತ್ತು ಟನ್ನಿಗೂ ಮಿಕ್ಕ ಇಂಗಾಲಾಮ್ಲ ವಾಯುವಿನಷ್ಟು ಶಾಖವನ್ನು ಹಿಡಿಯುತ್ತದೆ. ಯಂತ್ರಯುಗ ಆರಂಭವಾದಂದಿನಿಂದ ಜಗತ್ತು ಎಷ್ಟು ಬಿಸಿಯಾಗಿದೆಯೋ ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮೀಥೇನಿನದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಆದರೆ ಇದರಲ್ಲಿ ಒಂದು ಸಮಾಧಾನವೂ ಉಂಟು. ಇಂಗಾಲಾಮ್ಲ ವಾಯು ಗಾಳಿಯಲ್ಲಿ ನೂರಾರು ವರ್ಷ ಉಳಿಯುತ್ತದೆ. ಮೀಥೇನ್ ಸುಮಾರು ಹನ್ನೆರಡು ವರ್ಷಗಳಲ್ಲಿ ಕರಗಿಹೋಗುತ್ತದೆ. ಎಂದರೆ, ಇಂದು ಸೋರಿಕೆ ನಿಲ್ಲಿಸಿದರೆ ಫಲ ಕಾಣುವುದು ಮರಿಮಕ್ಕಳ ಕಾಲಕ್ಕಲ್ಲ, ಈಗ ಗಿರಣಿಯಲ್ಲಿ ದುಡಿಯುತ್ತಿರುವವರ ಜೀವಮಾನದಲ್ಲಿಯೇ. ಮನುಷ್ಯರ ಕೆಲಸಗಳಿಂದ ಹೊರಬೀಳುವ ಮೀಥೇನನ್ನು ಈ ದಶಕದಲ್ಲಿ ನೂರಕ್ಕೆ 45ರಷ್ಟು ಇಳಿಸಿದರೆ 2040ರ ದಶಕದ ಹೊತ್ತಿಗೆ ಸುಮಾರು 0.3 ಡಿಗ್ರಿಯಷ್ಟು ತಾಪ ತಪ್ಪುವುದೆಂದು ವಿಶ್ವಸಂಸ್ಥೆಯ ಪರಿಸರ ಶಾಖೆ 2021ರಲ್ಲಿ ವರದಿ ಕೊಟ್ಟಿತು. ಅದೇ ವರದಿಯಲ್ಲಿ ಕಾರ್ಮಿಕ ಬಂಧುಗಳು ಗಮನಿಸಬೇಕಾದ ಇನ್ನೊಂದು ಅಂಕಿಯಿದೆ. ಹೀಗೆ ಮಾಡಿದರೆ ಉರಿಬಿಸಿಲಿನ ದೆಸೆಯಿಂದ ಪ್ರತಿ ವರ್ಷ ನಷ್ಟವಾಗುವ ದುಡಿಮೆಯಲ್ಲಿ 7,300 ಕೋಟಿ ಗಂಟೆ ಉಳಿಯುವುದು, 2 ಕೋಟಿ 60 ಲಕ್ಷ ಟನ್ನು ಬೆಳೆ ಹಾನಿಯಾಗುವುದು ತಪ್ಪುವುದು.

ನಷ್ಟವಾಗುವ ಆ ಗಂಟೆಗಳು ಯಾರವು? ತಂಪು ಕೋಣೆಯಲ್ಲಿ ಕುಳಿತ ಡೈರೆಕ್ಟರುಗಳವಲ್ಲ. ತಗಡಿನ ಮಾಡಿನ ಕೆಳಗೆ ಮಗ್ಗದ ಮುಂದೆ ನಿಂತವನವು, ಬಿಸಿಲಲ್ಲಿ ಮೂಟೆ ಹೊರುವ ಹಮಾಲನವು, ತಳ್ಳುಗಾಡಿಯಲ್ಲಿ ಹಣ್ಣು ಮಾರುವವಳವು. ಮಧ್ಯಾಹ್ನ ಗಿರಾಕಿ ಬಾರದೆ ಅಂಗಡಿಯ ಬಾಗಿಲು ಅರ್ಧ ಮುಚ್ಚುವ ವ್ಯಾಪಾರಿಯವು. ಈ ಕಾರಣಕ್ಕಾಗಿಯೇ ಇದು ನಮ್ಮ ಪತ್ರಿಕೆಯ ವಿಷಯ.

ಲಾಸ್ ಏಂಜಲಿಸ್ ಪಕ್ಕದ ಬಾವಿ

ಈ ಉದ್ಯಮದ ನಡವಳಿಕೆ ಎಂತಹುದೆಂದು ತಿಳಿಯಲು ಒಂದು ಪ್ರಸಂಗ ಸಾಕು. ಅಮೆರಿಕದ ಲಾಸ್ ಏಂಜಲಿಸ್ ನಗರದ ಅಂಚಿನಲ್ಲಿ ಆಲಿಸೋ ಕ್ಯಾನ್ಯನ್ ಎಂಬ ಸ್ಥಳವಿದೆ. ಹಿಂದೆ ಅದು ಎಣ್ಣೆಯ ಬಾವಿಗಳ ಜಾಗ. ಎಣ್ಣೆ ಬತ್ತಿದ ಮೇಲೆ ಸದರನ್ ಕ್ಯಾಲಿಫೋರ್ನಿಯಾ ಗ್ಯಾಸ್ ಕಂಪನಿ ನೆಲದಡಿಯ ಆ ಪೊಳ್ಳಿನೊಳಕ್ಕೆ ಅನಿಲವನ್ನು ಒತ್ತಿ ತುಂಬಿ ಉಗ್ರಾಣವಾಗಿ ಬಳಸುತ್ತಿತ್ತು. 1950ರ ದಶಕದಲ್ಲಿ ಕೊರೆದ ಬಾವಿಗಳನ್ನೇ ಈ ಕೆಲಸಕ್ಕೂ ಹಚ್ಚಲಾಗಿತ್ತು.

2015ರ ಅಕ್ಟೋಬರ್ 23ರಂದು ಅಂತಹ ಒಂದು ಹಳೆಯ ಬಾವಿ ಸೋರುತ್ತಿರುವುದು ಕಂಡುಬಂತು. ಮೇಲಿನಿಂದ ಮತ್ತೆ ಮತ್ತೆ ಕೆಸರುದ್ರವ ತುಂಬಿ ಮುಚ್ಚಲು ನೋಡಿದರೂ ಆಗಲಿಲ್ಲ. ಕೊನೆಗೆ ಪಕ್ಕದಲ್ಲಿ ಇನ್ನೊಂದು ಬಾವಿ ಕೊರೆದು, ತಳದಲ್ಲಿ ಅದನ್ನು ಮುಟ್ಟಿ ಅದುಮಿದಾಗ 2016ರ ಫೆಬ್ರವರಿ ಬಂದಿತ್ತು. ಸುಮಾರು ಹದಿನಾರು ವಾರಗಳಲ್ಲಿ ಗಾಳಿಗೆ ಹೋದ ಮೀಥೇನ್ 97,000 ಟನ್ನು. ನಮ್ಮ ಮನೆಯ ಸಿಲಿಂಡರಿನಲ್ಲಿ ಇರುವ ಅನಿಲ 14.2 ಕಿಲೋ. ಆ ತೂಕದಲ್ಲಿ ಎಣಿಸಿದರೆ 68 ಲಕ್ಷ ಸಿಲಿಂಡರು! ತಲೆನೋವು, ವಾಕರಿಕೆ, ಮೂಗಿನಲ್ಲಿ ರಕ್ತ ಎಂದು ನೆರೆಯ ಜನ ದೂರಿಟ್ಟರು. ಎಂಟು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಬೇರೆಡೆ ಹೋಗಬೇಕಾಯಿತು.

ಅನಂತರ ನಡೆದ ತಾಂತ್ರಿಕ ತನಿಖೆಯ ವರದಿ 2019ರಲ್ಲಿ ಹೊರಬಿತ್ತು. ಅದು ಹೇಳಿದ್ದೇನು? ನೆಲದ ನೀರು ತಗುಲಿ ಬಾವಿಯ ಉಕ್ಕಿನ ಕೊಳವೆ ಹೊರಗಿನಿಂದ ತುಕ್ಕು ತಿಂದಿತ್ತು. ಅದಕ್ಕೂ ಮಿಗಿಲಾಗಿ, 1970ರ ದಶಕದಿಂದ ಆ ಸ್ಥಳದಲ್ಲಿ ಅರುವತ್ತಕ್ಕೂ ಹೆಚ್ಚು ಬಾರಿ ಬಾವಿಗಳ ಕೊಳವೆಗಳು ಸೋರಿದ್ದವು. ಒಂದರ ಕಾರಣವನ್ನೂ ಕಂಪನಿ ತನಿಖೆ ಮಾಡಿರಲಿಲ್ಲ. ಈ ಬಾವಿಯ ಆಳದಲ್ಲಿದ್ದ ರಕ್ಷಣಾ ಕವಾಟವನ್ನು 1979ರಲ್ಲಿ ತೆಗೆದುಹಾಕಿದವರು ಮತ್ತೆ ಹೊಸದನ್ನು ಕೂರಿಸಿರಲಿಲ್ಲ. ಸೋರಿಕೆಯ ಸುದ್ದಿಯನ್ನು ಅಧಿಕಾರಿಗಳಿಗೆ ಕೂಡಲೇ ತಿಳಿಸಲಿಲ್ಲವೆಂಬ ಕ್ರಿಮಿನಲ್ ಆಪಾದನೆಯನ್ನು 2016ರಲ್ಲಿ ಕಂಪನಿ ಕೋರ್ಟಿನಲ್ಲಿ ಎದುರಿಸಲಿಲ್ಲ. ಹಣ ತೆತ್ತು ಮುಗಿಸಿಕೊಂಡಿತು. ಮನೆ ಬಿಟ್ಟ ಜನ ಹೂಡಿದ ದಾವೆಗಳನ್ನು ತೀರಿಸಲು 2021ರಲ್ಲಿ 180 ಕೋಟಿ ಡಾಲರಿನವರೆಗೆ ಕೊಡಲು ಒಪ್ಪಿತು.

ಒಂದು ಕವಾಟದ ಬೆಲೆ ಎಷ್ಟು, 180 ಕೋಟಿ ಡಾಲರು ಎಷ್ಟು? ಲೆಕ್ಕ ಬಲ್ಲ ನಮ್ಮ ವ್ಯಾಪಾರಿ ಮಿತ್ರರು ಇದನ್ನು ಕೇಳಿ ಬೆರಗಾಗಬಹುದು. ಆದರೆ ಇದು ದಡ್ಡತನವಲ್ಲ. ಸಿಕ್ಕಿಬಿದ್ದ ಒಂದು ಸೋರಿಕೆಗೆ ದಂಡ ತೆತ್ತರೂ, ಸಿಕ್ಕದೆ ಹೋದ ಸಾವಿರ ಸೋರಿಕೆಗಳಿಗೆ ಯಾರೂ ಬಿಲ್ಲು ಕಳಿಸುವುದಿಲ್ಲವೆಂಬ ಧೈರ್ಯ.

ಬಿರುಕುಗಳು ಎಲ್ಲಿವೆ?

ಆಲಿಸೋ ಕ್ಯಾನ್ಯನ್ ದೊಡ್ಡ ಅಪಘಾತ. ದಿನನಿತ್ಯದ ಸೋರಿಕೆಗೆ ಅಪಘಾತ ಬೇಕಾಗಿಲ್ಲ. ಅನಿಲವನ್ನು ಒತ್ತುವ ಕಂಪ್ರೆಸರಿನ ಸೀಲು ಸವೆದರೆ ಸೋರುತ್ತದೆ. ಕೊಳವೆಯ ಜೋಡಣೆ ಸಡಿಲವಾದರೆ ಸೋರುತ್ತದೆ. ಎಣ್ಣೆಯ ತೊಟ್ಟಿಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಸೋರುತ್ತದೆ. ಅನೇಕ ಕಡೆ ವಾಲ್ವು ತೆರೆದು ಮುಚ್ಚುವ ಉಪಕರಣಗಳು ಅನಿಲದ ಒತ್ತಡದಿಂದಲೇ ನಡೆಯುವಂತೆ ಮಾಡಿರುತ್ತಾರೆ. ಅವು ಕೆಲಸ ಮಾಡಿದಷ್ಟು ಸಲವೂ ಅಷ್ಟಷ್ಟು ಅನಿಲವನ್ನು ಗಾಳಿಗೆ ಉಗುಳುತ್ತವೆ. ಎಣ್ಣೆಯ ಜೊತೆ ಮೇಲೆ ಬಂದ ಅನಿಲವನ್ನು ಸಾಗಿಸಲು ಕೊಳವೆ ಹಾಕದೆ ಬಾವಿಯ ಬಾಯಲ್ಲೇ ಸುಟ್ಟುಬಿಡುವ ಪದ್ಧತಿಯೂ ಇದೆ. ವಿಶ್ವಬ್ಯಾಂಕಿನ ಲೆಕ್ಕದಂತೆ 2024ರಲ್ಲಿ ಹೀಗೆ ಸುಟ್ಟುಹಾಕಿದ ಅನಿಲ 15,100 ಕೋಟಿ ಘನ ಮೀಟರು. ಸುಡುವ ಆ ಜ್ವಾಲೆ ನಡುವೆ ಆರಿಹೋದರೆ ಅಷ್ಟೂ ಮೀಥೇನ್ ಹಸಿಯಾಗಿಯೇ ಆಕಾಶಕ್ಕೆ ಹೋಗುತ್ತದೆ.

ಇವುಗಳಿಗೆ ಮದ್ದೇನೂ ಅಪರೂಪದ್ದಲ್ಲ. ಅನಿಲದ ಒತ್ತಡದ ಬದಲು ಗಾಳಿಯ ಒತ್ತಡದಿಂದ ಅಥವಾ ವಿದ್ಯುತ್ತಿನಿಂದ ನಡೆಯುವ ಉಪಕರಣ ಹಾಕಬೇಕು. ಸವೆದ ಸೀಲನ್ನು ಗಡುವಿಗೆ ಸರಿಯಾಗಿ ಬದಲಿಸಬೇಕು. ತೊಟ್ಟಿಯಿಂದ ಏಳುವ ಆವಿಯನ್ನು ಹಿಡಿದು ಮರಳಿ ಕೊಳವೆಗೆ ಕಳುಹಿಸಬೇಕು. ಕಣ್ಣಿಗೆ ಕಾಣದ ಅನಿಲವನ್ನು ಹೊಗೆಯಂತೆ ತೋರಿಸುವ ಕ್ಯಾಮರಾ ಇದೆ. ಅದನ್ನು ಹಿಡಿದು ವರ್ಷಕ್ಕೆ ನಾಲ್ಕು ಸಲ ಸುತ್ತಿ ಬಿರುಕು ಕಂಡಲ್ಲಿ ಬಿಗಿಯಬೇಕು. ಯಾವ ಗಿರಣಿಯ ಫಿಟ್ಟರೂ ಕೇಳಿ ತಲೆದೂಗುವ ಕೆಲಸಗಳಿವು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ತೈಲ ಮತ್ತು ಅನಿಲ ಉದ್ಯಮ ವರ್ಷಕ್ಕೆ ಸುಮಾರು 8 ಕೋಟಿ ಟನ್ನು ಮೀಥೇನನ್ನು ಗಾಳಿಗೆ ಬಿಡುತ್ತಿದೆ. ನಮ್ಮ ಭಾರತ ದೇಶವೆಲ್ಲ ಸೇರಿ ಒಂದು ವರ್ಷದಲ್ಲಿ ಬಳಸುವ ನೈಸರ್ಗಿಕ ಅನಿಲಕ್ಕಿಂತ ಇದು ಹೆಚ್ಚು. ನಾವಾದರೋ ಬಳಸುವುದರಲ್ಲಿ ಅರ್ಧದಷ್ಟನ್ನು ಡಾಲರು ಕೊಟ್ಟು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ! ಈ ಸೋರಿಕೆಯಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲನ್ನು ಇಂದು ಕೈಯಲ್ಲಿರುವ ಉಪಕರಣಗಳಿಂದಲೇ ನಿಲ್ಲಿಸಬಹುದೆಂದು ಆ ಸಂಸ್ಥೆ ಹೇಳುತ್ತದೆ. ಉಳಿದ ಅನಿಲವನ್ನು ಮಾರಿದ ದುಡ್ಡಿನಿಂದಲೇ ಖರ್ಚು ಹಿಂದಿರುಗುವಂತಹ ಕೆಲಸಗಳೂ ಅದರಲ್ಲಿ ಬೇಕಾದಷ್ಟಿವೆ. ಕಲ್ಲಿದ್ದಲು ಗಣಿಗಳನ್ನೂ ಸೇರಿಸಿ ಇಡೀ ಇಂಧನ ಉದ್ಯಮದಲ್ಲಿ 2030ರವರೆಗೆ ಈ ಕೆಲಸಕ್ಕೆ ಬೇಕಾಗುವ ಹಣ ಸುಮಾರು 17,000 ಕೋಟಿ ಡಾಲರು. ಅದು 2023ರ ಒಂದೇ ವರ್ಷದಲ್ಲಿ ಈ ಉದ್ಯಮಕ್ಕೆ ಬಂದ ಆದಾಯದಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ.

ಲಾಭವಿದ್ದರೂ ಏಕೆ ಮಾಡುವುದಿಲ್ಲ?

ಹಾಗಾದರೆ ಲಾಭಕೋರರು ಈ ಲಾಭವನ್ನೇಕೆ ಬಿಡುತ್ತಾರೆ? ಒಳ್ಳೆಯ ಪ್ರಶ್ನೆ. ಬಂಡವಾಳಗಾರನ ಮುಂದೆ ಇರುವ ಪ್ರಶ್ನೆ “ಇದರಲ್ಲಿ ಲಾಭವಿದೆಯೇ?” ಎಂಬುದಲ್ಲ; “ಇದೇ ಹಣವನ್ನು ಬೇರೆ ಕಡೆ ಹಾಕಿದರೆ ಇದಕ್ಕಿಂತ ಹೆಚ್ಚು ಲಾಭವಿದೆಯೇ?” ಎಂಬುದು. ನೂರು ರೂಪಾಯಿ ಹಾಕಿ ಸೀಲು ಬದಲಿಸಿದರೆ ನೂರಹತ್ತು ಬರುತ್ತದೆ, ಹೊಸ ಬಾವಿ ಕೊರೆದರೆ ನೂರೈವತ್ತು ಬರುತ್ತದೆ ಎಂದಾದರೆ ಆತ ಬಾವಿ ಕೊರೆಯುತ್ತಾನೆ. ಸೋರಿಹೋದ ಅನಿಲದಿಂದ ಜಗತ್ತಿಗಾಗುವ ನಷ್ಟ ಆತನ ಪುಸ್ತಕದ ಯಾವ ಪುಟದಲ್ಲಿಯೂ ಇರುವುದಿಲ್ಲ. ಲಾಭ ಷೇರುದಾರರಿಗೆ, ಬಿಸಿಲು ನಮಗೆ. ಸಮಾಜದ ಮೇಲೆ ಬಿದ್ದ ಈ ನಷ್ಟವನ್ನು ಮಾಲೀಕನ ಪುಸ್ತಕದಲ್ಲಿ ಖರ್ಚಾಗಿ ಬರೆಸುವ ಶಕ್ತಿ ಇರುವುದು ಕಾನೂನಿಗೆ ಮಾತ್ರ.

ಕಾನೂನು ಮಾಡಬೇಕಾದರೆ ಮೊದಲು ಅಳತೆ ಸರಿಯಿರಬೇಕು. ಅಲ್ಲಿಯೇ ದೊಡ್ಡ ಮೋಸ ನಡೆದಿದೆ. ಇಷ್ಟು ವಾಲ್ವುಗಳು, ಒಂದೊಂದರಿಂದ ಸರಾಸರಿ ಇಷ್ಟು ಸೋರಿಕೆ ಎಂದು ಗುಣಾಕಾರ ಮಾಡಿ ವರದಿ ಬರೆಯುವುದು ಕಂಪನಿಗಳ ಹಳೆಯ ಪದ್ಧತಿ. ವಿಜ್ಞಾನಿಗಳು ವಿಮಾನ, ವಾಹನಗಳಲ್ಲಿ ಯಂತ್ರ ಹೊತ್ತು ಹೋಗಿ ನಿಜವಾಗಿ ಅಳೆದಾಗ ಬಣ್ಣ ಬಯಲಾಯಿತು. ಅಮೆರಿಕದಲ್ಲಿ ತೆಗೆದ ಅನಿಲದಲ್ಲಿ ನೂರಕ್ಕೆ 2.3ರಷ್ಟು ಸೋರಿಹೋಗುತ್ತಿದೆ, ಇದು ಅಲ್ಲಿನ ಸರ್ಕಾರದ ಲೆಕ್ಕಕ್ಕಿಂತ ನೂರಕ್ಕೆ 60ರಷ್ಟು ಹೆಚ್ಚು ಎಂದು 2018ರಲ್ಲಿ ಪ್ರಕಟವಾಯಿತು. ಬಾವಿಯ ಬಾಯಲ್ಲಿ ಸುಡುವ ಜ್ವಾಲೆ ನೂರಕ್ಕೆ 98 ಪಾಲು ಮೀಥೇನನ್ನು ಸುಟ್ಟುಬಿಡುತ್ತದೆಂದು ಎಲ್ಲರೂ ಬರೆದುಕೊಳ್ಳುತ್ತಿದ್ದರು. ಅಮೆರಿಕದ ಮೂರು ದೊಡ್ಡ ತೈಲಪ್ರದೇಶಗಳಲ್ಲಿ ಅಳೆದಾಗ ಸುಡುತ್ತಿದ್ದುದು ಸುಮಾರು 91 ಪಾಲು ಮಾತ್ರವೆಂದು 2022ರಲ್ಲಿ ತಿಳಿದುಬಂತು. ನೂರರಲ್ಲಿ ಎರಡು ತಪ್ಪಿಸಿಕೊಳ್ಳುತ್ತದೆಂದು ಬರೆದ ಕಡೆ ನಿಜವಾಗಿ ತಪ್ಪಿಸಿಕೊಳ್ಳುತ್ತಿದ್ದುದು ಒಂಬತ್ತು. ನಮ್ಮ ಕಿರಾಣಿ ಅಂಗಡಿಯವನು ಸೇರಿಗೆ ಇಷ್ಟು ಕಡಿಮೆ ತೂಗಿದ್ದರೆ ಆತನ ಗತಿ ಏನಾಗುತ್ತಿತ್ತು?

ಇನ್ನೊಂದು ಸಂಗತಿ. ಸೋರುವ ಸ್ಥಳಗಳಲ್ಲಿ ನೂರಕ್ಕೆ ಐದು ಸ್ಥಳಗಳಿಂದಲೇ ಅರ್ಧಕ್ಕಿಂತ ಹೆಚ್ಚು ಮೀಥೇನ್ ಹೋಗುತ್ತಿದೆ ಎಂಬುದೂ ಅಳತೆಯಿಂದ ತಿಳಿದಿದೆ. ಸರಾಸರಿಯ ಲೆಕ್ಕದಲ್ಲಿ ಈ ಐದು ಎಂದೂ ಸಿಕ್ಕಿಬೀಳುವುದಿಲ್ಲ. ಹುಡುಕಿದರೆ ಮಾತ್ರ ಸಿಕ್ಕುತ್ತವೆ. ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ವಚನಗಳು ಬಹಳ, ಉತ್ತರ ವಿರಳ

ವಚನಗಳಿಗೇನೂ ಬರವಿಲ್ಲ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಸೇರಿ 2020ರ ಮಟ್ಟದಿಂದ 2030ರೊಳಗೆ ಮೀಥೇನನ್ನು ನೂರಕ್ಕೆ 30ರಷ್ಟು ಇಳಿಸುವುದಾಗಿ ಘೋಷಿಸಿದವು. 2023ರಲ್ಲಿ ದುಬೈ ಸಮ್ಮೇಳನದಲ್ಲಿ ಐವತ್ತು ತೈಲ ಕಂಪನಿಗಳು 2030ರ ಹೊತ್ತಿಗೆ ಸೋರಿಕೆಯನ್ನು ಸೊನ್ನೆಯ ಹತ್ತಿರಕ್ಕೆ ತರುವುದಾಗಿ ಸಹಿ ಹಾಕಿದವು. ಸಹಿಯೇನೋ ಬಿತ್ತು, ತಪ್ಪಿದರೆ ಶಿಕ್ಷೆಯೆಂಬುದು ಅದರಲ್ಲಿಲ್ಲ.

ಈ ವಚನಗಳ ಬೆಲೆಯನ್ನು ಅಳೆಯಲು ಒಂದು ಒರೆಗಲ್ಲು ಸಿಕ್ಕಿದೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಈಗ ದೊಡ್ಡ ಸೋರಿಕೆಗಳನ್ನು ಕಂಡುಹಿಡಿಯಬಲ್ಲವು. ವಿಶ್ವಸಂಸ್ಥೆಯ ಪರಿಸರ ಶಾಖೆ ಅವುಗಳ ನೆರವಿನಿಂದ “ಇಂತಹ ಕಡೆ ಸೋರುತ್ತಿದೆ, ನೋಡಿ” ಎಂದು ಸರ್ಕಾರಗಳಿಗೂ ಕಂಪನಿಗಳಿಗೂ ಎಚ್ಚರಿಕೆ ಕಳಿಸುತ್ತದೆ. ಎರಡು ವರ್ಷಗಳಲ್ಲಿ 1,200 ಎಚ್ಚರಿಕೆ ಕಳಿಸಿದರೆ ಉತ್ತರ ಬಂದದ್ದು ಹದಿನೈದಕ್ಕೆ ಎಂದು ಅದರ 2024ರ ವರದಿ ಹೇಳಿತು. ನೂರಕ್ಕೆ ಒಂದು! 2025ರ ವರದಿಯ ಹೊತ್ತಿಗೆ ಅದು ನೂರಕ್ಕೆ ಹನ್ನೆರಡಕ್ಕೆ ಏರಿತು. ಏರಿದ್ದು ಸಂತೋಷವೇ. ಆದರೆ “ನಿನ್ನ ಮನೆಗೆ ಬೆಂಕಿ ಬಿದ್ದಿದೆ” ಎಂದು ಕೂಗಿದರೆ ನೂರರಲ್ಲಿ ಎಂಬತ್ತೆಂಟು ಮಂದಿ ಬಾಗಿಲು ತೆರೆಯದಿರುವುದನ್ನು ಏನೆಂದು ಕರೆಯೋಣ?

ಕಾನೂನು ಮಾಡಿದ ಕಡೆಗಳಲ್ಲಿಯೂ ಹಣಬಲದ ಆಟ ನಿಂತಿಲ್ಲ. ಅಮೆರಿಕದಲ್ಲಿ 2022ರಲ್ಲಿ ಒಂದು ಕಾನೂನಾಯಿತು. ಮಿತಿ ಮೀರಿ ಸೋರಿಸುವ ದೊಡ್ಡ ಕಂಪನಿಗಳು ಟನ್ನಿಗೆ 900 ಡಾಲರಿನಿಂದ ಆರಂಭಿಸಿ 1,500 ಡಾಲರಿನವರೆಗೆ ತೆರಬೇಕೆಂದು ಅದರಲ್ಲಿ ಬರೆಯಲಾಗಿತ್ತು. ಸರ್ಕಾರ ಬದಲಾಯಿತು. 2025ರ ಮಾರ್ಚಿನಲ್ಲಿ ಆ ಕರವನ್ನು ವಸೂಲು ಮಾಡುವ ನಿಯಮವನ್ನೇ ರದ್ದುಗೊಳಿಸಲಾಯಿತು. ಜುಲೈ ತಿಂಗಳ ಇನ್ನೊಂದು ಕಾನೂನಿನಲ್ಲಿ ಕರವನ್ನು 2034ಕ್ಕೆ ಮುಂದೂಡಲಾಯಿತು. ಯೂರೋಪಿನ ಒಕ್ಕೂಟ 2024ರಲ್ಲಿ ಮಾಡಿದ ಕಾನೂನು ಇದಕ್ಕಿಂತ ಗಟ್ಟಿ: ಅಳೆಯಬೇಕು, ಹುಡುಕಬೇಕು, ಗಡುವಿನೊಳಗೆ ದುರಸ್ತಿ ಮಾಡಬೇಕು, ಹೊರಗಿನಿಂದ ಅನಿಲ ಮಾರುವವರೂ ಲೆಕ್ಕ ತೋರಿಸಬೇಕು. ಅದನ್ನೂ ಸಡಿಲಿಸಬೇಕೆಂದು ಕಂಪನಿಗಳು ಒತ್ತಡ ಹೇರದೆ ಬಿಟ್ಟಿಲ್ಲ.

ಒಡೆತನ ಒಂದೇ ಸಾಲದು

“ಎಲ್ಲವನ್ನೂ ರಾಷ್ಟ್ರೀಕರಣ ಮಾಡಿದರೆ ಸಮಸ್ಯೆ ತೀರಿತು” ಎಂದು ನಮ್ಮ ಮಿತ್ರರು ಕೆಲವರು ಹೇಳಬಹುದು. ಸಮಾಜವಾದಿಗಳಾದ ನಾವು ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ನಾರ್ವೆಯಲ್ಲಿ ತೈಲದ ಮೇಲೆ ಸರ್ಕಾರದ ಹಿಡಿತ ಬಲವಾಗಿದೆ. 1971ರಲ್ಲಿ ಅಲ್ಲಿ ತೈಲ ತೆಗೆಯಲು ಆರಂಭವಾದ ಕಾಲದಿಂದಲೇ ರಕ್ಷಣೆಯ ಕಾರಣಕ್ಕಲ್ಲದೆ ಅನಿಲ ಸುಡುವುದಕ್ಕೆ ತಡೆ ಹಾಕಿದರು. 1991ರಲ್ಲಿ ಇಂಗಾಲಾಮ್ಲ ವಾಯುವಿನ ಮೇಲೆ ಕರ ಹಾಕಿದರು. ಇಂದು ಜಗತ್ತಿನಲ್ಲಿ ಅತಿ ಕಡಿಮೆ ಸೋರಿಸುವ ದೇಶಗಳಲ್ಲಿ ಅದು ಮೊದಲ ಸಾಲಿನದು. ತುರ್ಕ್‌ಮೆನಿಸ್ತಾನದಲ್ಲಿಯೂ ಅನಿಲ ಸರ್ಕಾರದ್ದೇ. ಆದರೆ ತೆಗೆದ ಇಂಧನಕ್ಕೆ ಹೋಲಿಸಿದರೆ ಅಲ್ಲಿನ ಸೋರಿಕೆ ನಾರ್ವೆಯ ನೂರು ಪಟ್ಟಿಗೂ ಮಿಕ್ಕಿದೆ.

ಎರಡರ ನಡುವಿನ ವ್ಯತ್ಯಾಸ ಎಲ್ಲಿದೆ? ಒಂದು ಕಡೆ ಶಾಸನಸಭೆ ಪ್ರಶ್ನೆ ಕೇಳುತ್ತದೆ, ಪತ್ರಿಕೆ ಬರೆಯುತ್ತದೆ, ಕಾರ್ಮಿಕ ಸಂಘ ಬಾಯಿ ಬಿಡುತ್ತದೆ. ಇನ್ನೊಂದು ಕಡೆ ಇವಾವುವೂ ಇಲ್ಲ. ಸಾರ್ವಜನಿಕ ಒಡೆತನಕ್ಕೆ ಸಾರ್ವಜನಿಕರ ಕಣ್ಣು ಜೊತೆಗಿಲ್ಲದಿದ್ದರೆ ಅದು ಹೆಸರಿಗೆ ಮಾತ್ರ ಸಾರ್ವಜನಿಕ.

ನಮ್ಮ ದೇಶದ ಮಾತು

ಗ್ಲಾಸ್ಗೋ ಘೋಷಣೆಗೆ ಭಾರತ ಸರ್ಕಾರ ಸಹಿ ಹಾಕಲಿಲ್ಲ. ನಮ್ಮಲ್ಲಿ ಮೀಥೇನ್ ಮುಖ್ಯವಾಗಿ ದನಕರುಗಳಿಂದ ಮತ್ತು ಬತ್ತದ ಗದ್ದೆಗಳಿಂದ ಬರುತ್ತದೆ, ಅದು ಸಣ್ಣ ರೈತರ ಬದುಕಿನ ಪ್ರಶ್ನೆ ಎಂಬುದು ಸರ್ಕಾರ ಕೊಟ್ಟ ಕಾರಣ. ಈ ಮಾತಿನಲ್ಲಿ ನ್ಯಾಯವಿದೆ. ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಮಕ್ಕಳ ಶಾಲೆಯ ಖರ್ಚು ತೂಗಿಸುವ ಹೆಣ್ಣುಮಗಳ ಮುಂದೆ ಹೋಗಿ “ನಿನ್ನ ಎಮ್ಮೆ ಜಗತ್ತನ್ನು ಸುಡುತ್ತಿದೆ” ಎಂದು ಹೇಳುವ ಧೈರ್ಯ ನಮಗಿಲ್ಲ, ಇರಲೂ ಬಾರದು. ಹೊಟ್ಟೆಪಾಡಿನ ಮೀಥೇನ್ ಬೇರೆ, ಉದಾಸೀನದ ಮೀಥೇನ್ ಬೇರೆ.

ಆದರೆ ಈ ನ್ಯಾಯದ ಮಾತೇ ಅನ್ಯಾಯಕ್ಕೆ ಮರೆಯಾಗಬಾರದು. ರೈತನ ಎಮ್ಮೆಯ ಹಿಂದೆ ತೈಲ ಕಂಪನಿ ಅಡಗಿ ಕೂರಬಾರದು. ಘೋಷಣೆಗೆ ಸಹಿ ಹಾಕದಿದ್ದರೂ ತೈಲ ಮತ್ತು ಅನಿಲ ಉದ್ಯಮಕ್ಕೆ ಮಾತ್ರ ಬಿಗಿಯಾದ ಕಾನೂನು ಮಾಡಲು ದೆಹಲಿಯ ಸರ್ಕಾರಕ್ಕೆ ಅಡ್ಡಿ ಏನಿದೆ?

ಅಸ್ಸಾಮಿನ ಬಾಗಜಾನ್ ನೆನಪಿರಲಿ. 2020ರ ಮೇ 27ರಂದು ಅಲ್ಲಿ ಸಾರ್ವಜನಿಕ ಕ್ಷೇತ್ರದ ಆಯಿಲ್ ಇಂಡಿಯಾ ಕಂಪನಿಯ ಒಂದು ಬಾವಿ ಹಿಡಿತ ತಪ್ಪಿ ಅನಿಲವನ್ನು ಕಾರತೊಡಗಿತು. ಹತ್ತಾರು ದಿನ ಹಸಿ ಅನಿಲ ಹೊರಬಿದ್ದ ಮೇಲೆ ಜೂನ್ 9ರಂದು ಬೆಂಕಿ ಹತ್ತಿತು. ಬೆಂಕಿ ಆರಿಸುವ ಇಬ್ಬರು ನೌಕರರು ಪ್ರಾಣ ಕಳೆದುಕೊಂಡರು. ಸಾವಿರಾರು ಜನ ಮನೆ ತೊರೆದು ಶಿಬಿರಗಳನ್ನು ಸೇರಿದರು. ಬೆಂಕಿ ಪೂರ್ತಿ ಆರಿದ್ದು ನವೆಂಬರ್ ತಿಂಗಳಲ್ಲಿ. ಅಲ್ಲಿಯೂ ಮೊದಲು ಬಲಿಯಾದವನು ಕಾರ್ಮಿಕ, ಆಮೇಲೆ ಪಕ್ಕದ ಗುಡಿಸಲಿನವನು.

ನಮ್ಮ ರಾಜ್ಯಕ್ಕೂ ಈಗ ಅನಿಲದ ಕೊಳವೆಗಳು ಬಂದಿವೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಬರುವ ಕೊಳವೆ 2013ರಲ್ಲಿ ಆರಂಭವಾಯಿತು. ಕೊಚ್ಚಿಯಿಂದ ಮಂಗಳೂರಿನವರೆಗಿನ 450 ಕಿಲೋಮೀಟರಿನ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇವು ಸೋರುತ್ತಿವೆ ಎಂದು ನಾವು ಆಪಾದಿಸುತ್ತಿಲ್ಲ. ಎಷ್ಟು ಸೋರುತ್ತಿದೆ ಎಂಬುದನ್ನು ಹೊರಗಿನವರಿಂದ ಅಳೆಸಿ, ಜಿಲ್ಲಾವಾರು ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಿ ಎಂದು ಕೇಳುತ್ತಿದ್ದೇವೆ. ಸೊನ್ನೆಯಾದರೆ ಸೊನ್ನೆಯೆಂದೇ ಬರೆಯಲಿ. ಕೊಂಡ ಅನಿಲಕ್ಕೂ ಮಾರಿದ ಅನಿಲಕ್ಕೂ ಇರುವ ವ್ಯತ್ಯಾಸ ಕೊನೆಗೆ ಗಿರಾಕಿಯ ಬಿಲ್ಲಿನಲ್ಲಿ ಸೇರಬಾರದಷ್ಟೆ.

ಕೆಲಸ ಹೋಗುವುದೇ?

ಕಾನೂನು ಬಿಗಿಯಾದರೆ ಕೆಲಸ ಹೋದೀತೆಂದು ಹೆದರಿಸುವವರಿದ್ದಾರೆ. ಕೆಲಸದ ಅವಧಿಗೆ ಮಿತಿ ಕೇಳಿದಾಗಲೂ, ಯಂತ್ರದ ಪಟ್ಟಿಗೆ ಕಟಕಟೆ ಹಾಕಿಸಿರೆಂದಾಗಲೂ ಮಾಲೀಕರು ಹಾಡಿದ್ದು ಇದೇ ರಾಗ. ಬಿರುಕು ಹುಡುಕುವುದು, ಸೀಲು ಬದಲಿಸುವುದು, ಹಳೆಯ ಬಾವಿ ಮುಚ್ಚುವುದು ಇವೆಲ್ಲ ಮನುಷ್ಯರ ಕೈ ಬೇಡುವ ಕೆಲಸಗಳು. ಇದರಿಂದ ಫಿಟ್ಟರು, ವೆಲ್ಡರು, ತಪಾಸಣೆಗಾರರಿಗೆ ಕೆಲಸ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಮತ್ತೊಂದು ಎಚ್ಚರಿಕೆಯೂ ಅಗತ್ಯ. ಸೋರಿಕೆ ನಿಲ್ಲಿಸಿದೆವೆಂದು ಹೇಳಿ ತಮ್ಮ ಅನಿಲ ಗಂಗಾಜಲದಷ್ಟು ಶುದ್ಧವೆಂದು ಸಾರಲು ಕಂಪನಿಗಳು ಕಾದಿವೆ. ಉರಿಸಿದ ಅನಿಲದಿಂದ ಇಂಗಾಲಾಮ್ಲ ವಾಯು ಬಂದೇ ಬರುತ್ತದೆ. ಸೋರುವ ಕೊಡಕ್ಕೆ ಬೆಸುಗೆ ಹಾಕುವುದು ಮೊದಲ ಕೆಲಸ, ಅದೇ ಕೊನೆಯ ಕೆಲಸವಲ್ಲ.

ನಮ್ಮ ಬೇಡಿಕೆಗಳು ಐದು. ಸೋರಿಕೆಯನ್ನು ಕಂಪನಿಯಲ್ಲ, ಸ್ವತಂತ್ರ ಸಂಸ್ಥೆ ಅಳೆಯಲಿ. ಆ ಲೆಕ್ಕ ಎಲ್ಲರಿಗೂ ಸಿಗುವಂತೆ ಪ್ರಕಟವಾಗಲಿ. ಕಂಡ ಬಿರುಕನ್ನು ಇಷ್ಟು ದಿನದೊಳಗೆ ಮುಚ್ಚಬೇಕೆಂಬ ಗಡುವು, ತಪ್ಪಿದರೆ ಟನ್ನಿನ ಲೆಕ್ಕದಲ್ಲಿ ದಂಡ ಕಾನೂನಿನಲ್ಲಿ ಬರಲಿ. ಸೋರಿಕೆಯನ್ನು ಹೊರಗೆ ತಿಳಿಸಿದ ಕಾರ್ಮಿಕನ ಕೆಲಸಕ್ಕೆ, ಗುತ್ತಿಗೆ ಕಾರ್ಮಿಕನ ಕೆಲಸಕ್ಕೂ ಸೇರಿ, ರಕ್ಷಣೆ ಇರಲಿ. ಸಾರ್ವಜನಿಕ ಕ್ಷೇತ್ರದ ಕಂಪನಿಗಳು ಇದನ್ನು ಮೊದಲು ಮಾಡಿ ತೋರಿಸಲಿ.

ಗಿರಣಿ ಕಾರ್ಮಿಕರ ಸಂಘ ತನ್ನ ಮುಂದಿನ ಸಭೆಯಲ್ಲಿ, ವರ್ತಕರ ಸಂಘ ತನ್ನ ಸಭೆಯಲ್ಲಿ ಈ ಐದನ್ನು ನಿರ್ಣಯವಾಗಿ ಅಂಗೀಕರಿಸಿ ಈ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಕಳಿಸಬೇಕೆಂದು ಕೋರುತ್ತೇವೆ. ಅವರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಲಿ: ಬೀದಿಬದಿಯ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಲು ಸರ್ಕಾರಕ್ಕೆ ಇನ್‌ಸ್ಪೆಕ್ಟರು ಸಿಕ್ಕುತ್ತಾರೆ, ತೈಲ ಕಂಪನಿಯ ಕೊಳವೆಯನ್ನು ಪರೀಕ್ಷಿಸಲು ಏಕೆ ಸಿಕ್ಕುವುದಿಲ್ಲ? ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ. ಬಾರದಿದ್ದರೆ ಅದನ್ನೂ ಅಚ್ಚು ಮಾಡುತ್ತೇವೆ.